ಜುಬ್ಬಾದ ಕೆಳಗಿನ ಗ್ಲಾಕ್

ಯುಗಾದಿ ಊಟಕ್ಕೆ ಡಲ್ಲಾಸ್ ಹತ್ತಿರದ ಗೆಳೆಯನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಅಪ್ಪಿಕೊಂಡ. ಪಕ್ಕೆಗೆ ಏನೋ ಗಟ್ಟಿಯಾಗಿ ಒತ್ತಿತು. ಮೊಬೈಲು ಅಂದುಕೊಂಡೆ, ಪಿಸ್ತೂಲು. 'ಗ್ಲಾಕ್ ಮಾರಾಯಾ, ನೈಂಟೀನ್' ಅಂದ, ಹೊಸ ವಾಚು ತೋರಿಸುವವನ ಹಾಗೆ. ಒಳಗೆ ಮಕ್ಕಳು ಬೇವುಬೆಲ್ಲಕ್ಕೆ ಮುಖ ಕಿವುಚುತ್ತಿದ್ದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ, ನಾಲ್ಕು ತಿಂದೆ. ಆದರೆ ಒಳಗೆ ಚುರ್ ಅಂದಿದ್ದು ಹಾಗೇ ಉಳಿಯಿತು.

ಕೋವಿ ಕಂಡು ಹೆದರುವ ಮನೆಯಿಂದ ಬಂದವನಲ್ಲ ನಾನು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಜೋಡಿ ನಳಿಗೆಯ ತೋಟಾ ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸಿನದು. ಅಡಿಕೆ ತೋಟಕ್ಕೆ ಮಂಗ ಇಳಿದರೆ ಅಪ್ಪಯ್ಯ ಅಂಗಳಕ್ಕೆ ಬಂದು ಆಕಾಶಕ್ಕೊಂದು ಈಡು ಹಾರಿಸುತ್ತಾರೆ. ಯಾರ ಮನೆಯ ಈಡು ಅಂತ ಸದ್ದಿನಲ್ಲೇ ಊರಿಗೆ ಗೊತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕು, ಆಮೇಲೆ ಮಂಗಗಳದ್ದೇ ರಾಜ್ಯ. ಗೋಣಿ ಸುತ್ತಿ ಹೊರಟರೂ ದಾರಿಯಲ್ಲಿ ಸಿಕ್ಕವರೆಲ್ಲ 'ಏನ್ ಗೌಡ್ರೇ, ಎಲೆಕ್ಷನ್ ಬಂತಾ?' ಎನ್ನುತ್ತಾರೆ. ಅದನ್ನು ಯಾರಿಗೂ ಕಾಣದ ಹಾಗೆ ಒಯ್ಯಬೇಕು ಅಂತ ಅಪ್ಪಯ್ಯನಿಗೆ ಒಂದು ದಿನವೂ ಅನಿಸಿರಲಾರದು.

ಇಲ್ಲಿ ಮಾತೆಲ್ಲ ಅದರದ್ದೇ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದವರು ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದರೆ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಕೆಲಸದ ವೀಸಾದಲ್ಲಿದ್ದಷ್ಟು ದಿನ ನಮಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಗ್ರೀನ್ ಕಾರ್ಡ್ ಬಂದ ವರ್ಷವೇ ಗೆಳೆಯ ಅಂಗಡಿಗೆ ಹೋದ. ಈಗ ಗ್ಲಾಕ್ 19 ದೊಡ್ಡದಾಯ್ತು, ಅಂಗಿಯಲ್ಲಿ ಎದ್ದು ಕಾಣುತ್ತದೆ, ಇನ್ನೂ ಚಿಕ್ಕದು ಬೇಕು ಅಂತ ಅವನ ಗೋಳು.

ನನ್ನನ್ನೂ ಗುರಿ ಹೊಡೆದು ಕಲಿಯುವ ರೇಂಜಿಗೆ ಎಳೆದುಕೊಂಡು ಹೋದ. ಮೂರು ಪಿಸ್ತೂಲು ಹೊಡೆದು ನೋಡಿದೆವು. ಗ್ಲಾಕ್ 17 ಪೂರ್ತಿ ಅಳತೆಯದು, ನಳಿಗೆ ನಾಲ್ಕೂವರೆ ಇಂಚು, 17 ಗುಂಡು. 19ರ ನಳಿಗೆ ಅರ್ಧ ಇಂಚು ಗಿಡ್ಡ, 15 ಗುಂಡು. ಸಿಗ್ ಕಂಪನಿಯ ಪಿ365 ಇವೆರಡಕ್ಕೂ ಮರಿ, ಆದರೂ 10 ಗುಂಡು. ದೊಡ್ಡದು ಪಳಗಿದ ಎತ್ತಿನ ಹಾಗೆ, ಹೇಳಿದ ಕಡೆ ಹೋಗುತ್ತದೆ. ಮರಿಯದ್ದೇ ತಂಟೆ. ಹಗುರ ಇರುವುದರಿಂದ ಒದೆತ ಜಾಸ್ತಿ, ಕಿರುಬೆರಳು ಊರಲು ಜಾಗವಿಲ್ಲ, ನನ್ನ ಗುಂಡುಗಳು ಕಾಗದದ ಅಂಚು ಹುಡುಕಿಕೊಂಡು ಹೋದವು. ತಮಾಷೆಯೆಂದರೆ, ಬಚ್ಚಿಡಲು ತೊಡಕಾಗುವುದು ನಳಿಗೆಯಲ್ಲ, ಹಿಡಿ. ನಳಿಗೆ ಪ್ಯಾಂಟಿನೊಳಗೆ ಇಳಿದು ಕೂರುತ್ತದೆ. ಬಗ್ಗಿದಾಗ ಅಂಗಿಯನ್ನು ಡೇರೆಯ ಹಾಗೆ ಎತ್ತುವುದು ಹಿಡಿಯೇ, ಅದರಲ್ಲೂ ನಮ್ಮಂಥ ಸಣಕಲು ಮೈಯವರಿಗೆ. ಪಂಚೆಯಲ್ಲಂತೂ ಇದ್ಯಾವುದೂ ನಿಲ್ಲುವುದಿಲ್ಲ, ಉಡಿದಾರಕ್ಕೆ ಕಟ್ಟಿಕೊಳ್ಳಬೇಕಷ್ಟೆ.

19ನ್ನೇ ಇಟ್ಟುಕೋ ಅಂದೆ. ಜೇಬಿಗೆ ಹಿಡಿಯುತ್ತದೆ ಅಂತ ಕೊಂಡು, ಗುರಿ ತಪ್ಪಿ ಪಕ್ಕದವನಿಗೆ ತಗುಲಿದರೆ? 'ದೊಡ್ಡದಾದ್ರೆ ದಿನಾ ತಗೊಂಡು ಹೋಗಕ್ಕಾಗಲ್ಲ, ಮನೇಲೇ ಬಿಟ್ಟು ಹೋಗ್ತೀನಿ' ಅಂದ. ಬಿಟ್ಟು ಹೋಗು ಮಾರಾಯಾ, ನಾನೂ ಅದನ್ನೇ ಹೇಳ್ತಿರೋದು ಅಂದೆ. ಅವನಿಗೆ ನಗು ಬರಲಿಲ್ಲ. ನಾವು ಹೋಗುವ ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಜಾಗದ ಮೇಲೆ, ಪಿಸ್ತೂಲು ಒಳಗೆ ತರಬೇಡಿ ಎನ್ನುವ, ಟೆಕ್ಸಾಸ್ ಕಾನೂನಿನ 30.06, 30.07 ನಂಬರಿನ ಕಲಮುಗಳ ಫಲಕಗಳಿವೆ. ದೇವರಿಗೆ ಕೈ ಮುಗಿಯುವ ಮೊದಲು ಅದನ್ನು ಓದಬೇಕಾದ ಊರು ನನಗೆ ಇನ್ನೂ ಒಗ್ಗಿಲ್ಲ.

ಒಂದು ಮಾತ್ರ ಒಪ್ಪಬೇಕು, ಇಷ್ಟವಿಲ್ಲದಿದ್ದರೂ. ಯುಗಾದಿಯ ದಿನ ಎಲೆ ಹಾಕುವ ಮುಂಚೆ ಗೆಳೆಯ ಒಳಗೆ ಹೋಗಿ ಗುಂಡು ಇಳಿಸಿ, ನಳಿಗೆಯಲ್ಲಿ ಏನೂ ಉಳಿದಿಲ್ಲ ಅಂತ ಎರಡು ಸಲ ನೋಡಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ರೇಂಜಿನಲ್ಲಿ ನನ್ನ ಬೆರಳು ಸುಮ್ನೆ ಟ್ರಿಗರ್ ಮೇಲೆ ಹೋಗಿದ್ದಕ್ಕೆ ಅಲ್ಲಿಯ ಹುಡುಗಿ ಎಲ್ಲರೆದುರು ಬೈದಳು. ನಮ್ಮನೆ ಕೋವಿ ಬಾಗಿಲ ಹಿಂದಿನ ಮೂಲೆಯಲ್ಲಿ ನಿಂತಿರುತ್ತದೆ, ತೋಟಾ ಅದೇ ಕೋಣೆಯ ಗೂಡಿನಲ್ಲಿ. ಏಳು ವರ್ಷದವನಿದ್ದಾಗ ನಾನೇ ಅದರ ಕುದುರೆ ಎತ್ತಿ ಆಡಿದ್ದೇನೆ. ಷಿಕಾರಿಗೆ ಹೋದವರು ಹಂದಿ ಅಂತ ಮನುಷ್ಯನಿಗೇ ಹೊಡೆದ ಸುದ್ದಿ ನಮ್ಮ ಕಡೆ ಹೊಸದೂ ಅಲ್ಲ.

ಕಳೆದ ವಾರ ಫೋನಿನಲ್ಲಿ ಒಂದು ಬೀಗದ ಪೆಟ್ಟಿಗೆ ತರಿಸಿಕೊಳ್ಳಿ ಅಂದೆ. 'ಮಂಗ ತೋಟಕ್ಕೆ ಇಳಿದ ಮೇಲೆ ನಾನು ಬೀಗದಕೈ ಹುಡುಕ್ತಾ ಕೂರ್ಲಾ?' ಅಂದರು ಅಪ್ಪಯ್ಯ.