ಎಲೆ ಯಾವ ತಿಂಗಳಿನದು?

ಹೊರದೇಶದ ಈ ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರ, ಬೇವಿನ ಎಲೆಯ ಸಾರದಿಂದ ಬೆಳ್ಳಿಯ ನ್ಯಾನೋಕಣಗಳನ್ನು (ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳನ್ನು) ತಯಾರಿಸಿದ ಬಗೆಯನ್ನು ನಾನು ವಿವರಿಸಿ ಮುಗಿಸಿದಾಗ ಹಿರಿಯ ಸಂಶೋಧಕಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಎಲೆ ಯಾವ ತಿಂಗಳಿನದು?" ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನ ಮುಜುಗರ ಇನ್ನೂ ಮಾಸಿಲ್ಲ.

ನಾಡಿನಲ್ಲಿ ನಾನು ಕಲಿತ ಕ್ರಮ ಸರಳವಾಗಿತ್ತು. ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟಿನ 1 ಮಿಲಿಮೋಲಾರ್ ಸಾಂದ್ರತೆಯ ದ್ರಾವಣಕ್ಕೆ ಸೋಸಿದ ಸಾರವನ್ನು ಬೆರೆಸಿ, ತಿಳಿಹಳದಿ ಬಣ್ಣ ಕಂದಾಗುವವರೆಗೆ ಕಾದು, 400ರಿಂದ 450 ನ್ಯಾನೋಮೀಟರಿನ ನಡುವೆ ಬೆಳಕಿನ ಹೀರಿಕೆಯ ಶಿಖರ ಕಂಡರೆ ಬೆಳ್ಳಿಯ ಕಣ ಹುಟ್ಟಿತು, ಗೆದ್ದೆವೆಂದುಕೊಳ್ಳುತ್ತಿದ್ದೆವು. ಟಿಪ್ಪಣಿ ಪುಸ್ತಕದಲ್ಲಿ ಉಳಿಯುತ್ತಿದ್ದುದು "ಎಲೆ 10 ಗ್ರಾಂ, ನೀರು 100 ಮಿ.ಲೀ." ಎಂಬಷ್ಟೇ. ಆದರೆ ಎಲೆ, ಇದೇ ಕೆಲಸಕ್ಕೆ ಬಳಸುವ ರಾಸಾಯನಿಕವಾದ ಸೋಡಿಯಂ ಬೋರೋಹೈಡ್ರೈಡ್‌ನಂತೆ, ಶುದ್ಧತೆಯ ಚೀಟಿ ಅಂಟಿಸಿಕೊಂಡು ಬರುವ ವಸ್ತುವಲ್ಲ. ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹವಾಗಿಸುವ ಪಾಲಿಫೀನಾಲ್‌, ಫ್ಲೇವನಾಯ್ಡ್‌ ಎಂಬ ಸಸ್ಯಜನ್ಯ ಸಂಯುಕ್ತಗಳು, ಹುಟ್ಟಿದ ಕಣಗಳು ಒಂದಕ್ಕೊಂದು ಅಂಟದಂತೆ ಹೊದಿಕೆಯಾಗುವ ಪ್ರೋಟೀನುಗಳು, ಇವೆಲ್ಲವುಗಳ ಪ್ರಮಾಣ ಮಣ್ಣು, ಮಳೆ, ಎಲೆ ಬಲಿತ ಹಂತ, ಒಣಗಿಸಿದ ರೀತಿಗಳಿಗೆ ತಕ್ಕಂತೆ ಬದಲಾಗುತ್ತದೆ. ಅದರೊಂದಿಗೆ ಕಣದ ಗಾತ್ರ, ಆಕಾರಗಳೂ ಬದಲಾಗುತ್ತವೆ.

ಇಲ್ಲಿ ಪ್ರತಿ ಬಾರಿಯೂ ಸಾರದ ಒಟ್ಟು ಫೀನಾಲ್ ಅಂಶವನ್ನು ಅಳೆದ ಮೇಲೆಯೇ ಬೆಳ್ಳಿಯ ಲವಣವನ್ನು ಮುಟ್ಟುತ್ತಾರೆ. ಮೊದಲು ನನಗೆ ಇದು ಅತಿಯೆನಿಸಿತ್ತು. ನೆರಳಿನಲ್ಲಿ ಒಣಗಿಸಿದ ಎಲೆಯ ಸಾರವೂ ಓವನ್ನಿನಲ್ಲಿ ಒಣಗಿಸಿದ ಎಲೆಯ ಸಾರವೂ ನನ್ನ ಕಣ್ಣೆದುರೇ ಬೇರೆ ಬೇರೆ ಬಣ್ಣ ತಳೆದ ದಿನ ಆ ಅನಿಸಿಕೆ ಹೋಯಿತು. ಸಾರ ಕುದಿಸಲು ತಗಲುವ ವಿದ್ಯುತ್ತು, ಜಲಚರಗಳಿಗೆ ವಿಷವಾಗಬಲ್ಲ ಬೆಳ್ಳಿ ಸೇರಿದ ತೊಳೆನೀರು, ಇವನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮಲ್ಲಾದರೋ ಶೀರ್ಷಿಕೆಯಲ್ಲಿ ಒಂದು ಗಿಡದ ಹೆಸರಿದ್ದರೆ ವಿಧಾನ ಪರಿಸರಸ್ನೇಹಿ ಆಗಿಬಿಡುತ್ತದೆ. ಹೊಸ ಹೊಸ ಗಿಡಗಳ ಹೆಸರು ಸೇರಿಸುತ್ತಾ ಹೋಗುವ ಈ ಆತುರ ನನ್ನಲ್ಲಿ ಅಸಹನೆ ಹುಟ್ಟಿಸುತ್ತದೆ.

ಇಷ್ಟಾಗಿಯೂ ಕೆಲವನ್ನು ಒಪ್ಪದೆ ವಿಧಿಯಿಲ್ಲ. ಬೇವಿನ ಎಲೆಯ ಸಾರದಿಂದ ಬೆಳ್ಳಿಯ, ಚಿನ್ನದ ಮತ್ತು ಎರಡೂ ಕೂಡಿದ ಕಣಗಳನ್ನು 2004ರಲ್ಲಿ ಪ್ರಕಟಿಸಿದ್ದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ತಂಡ. ಇಲ್ಲಿನವರೂ ಆ ಪ್ರಬಂಧವನ್ನು ಓದಿಯೇ ಮುಂದುವರಿಯುತ್ತಾರೆ. ಕಣದ ಗಾತ್ರ, ಆಕಾರಗಳನ್ನು ನೇರವಾಗಿ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲಿ ಕೆಳ ಅಂತಸ್ತಿನಲ್ಲೇ ಇದೆ, ಅಲ್ಲಿ ನಾವು ಬೇರೆ ಸಂಸ್ಥೆಯ ಸರದಿಗಾಗಿ ವಾರಗಟ್ಟಲೆ ಕಾಯುತ್ತಿದ್ದೆವು. ಬಣ್ಣವನ್ನೇ ನೆಚ್ಚಿಕೊಂಡದ್ದರಲ್ಲಿ ಆ ಕೊರತೆಯ ಪಾಲೂ ಇತ್ತು. ಆದರೆ ಎಲೆ ಕಿತ್ತ ದಿನ, ಒಣಗಿಸಿದ ರೀತಿ, ಸಾರದ ಪಿಎಚ್, ಇಷ್ಟನ್ನು ಬರೆದಿಡಲು ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ, ನಾನು ಬರೆದಿರಲಿಲ್ಲ.