ಸತ್ಯಾಂಶ: ಗೇರ್ ಸೈಕಲ್ ಅಂದ್ರೆ ದುಪ್ಪಟ್ಟು ವೇಗನಾ?

‘ಗೇರ್ ಸೈಕಲ್ ತಗೊಳ್ಳಿ, ಅಷ್ಟೇ ಶ್ರಮಕ್ಕೆ ದುಪ್ಪಟ್ಟು ವೇಗ’ ಎಂಬ ಮೆಸೇಜ್ ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ.

ಗೇರ್ ಶಕ್ತಿ ಹುಟ್ಟಿಸುವುದಿಲ್ಲ. ಶಕ್ತಿ ನಿಮ್ಮ ಕಾಲಿನದು. ಒಂದೇ ಗೇರಿನ ಸೈಕಲ್ಲನ್ನೇ ನೋಡಿ. ಮುಂದಿನ ಚೈನ್ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಇದ್ದರೆ, ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 5 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 18 ಕಿ.ಮೀ. ಮೋತಿ ಸರ್ಕಲ್‌ನಿಂದ ಕೌಲ್ ಬಜಾರ್‌ಗೆ ಅಷ್ಟು ಸಾಕು, ಅಲ್ವಾ? ಊರೊಳಗೆ ರಸ್ತೆ ಬಹುತೇಕ ಸಮತಟ್ಟು. ತಡವಾಗುವುದು ಸಿಗ್ನಲ್, ಜನಸಂದಣಿಯಿಂದ. ಅಲ್ಲಿ ಗೇರ್ ಏನೂ ಮಾಡಲಾರದು.

ಏರು ಬಂದಾಗ, ಎದುರುಗಾಳಿ ಬೀಸಿದಾಗ, ಭಾರ ಹೊತ್ತಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಗೇರ್ ಬದಲಿಸಿಕೊಂಡರೆ ತುಳಿಯುವುದು ಹಗುರ. ಸಂಡೂರಿನ ಗುಡ್ಡ ಹತ್ತುವವರಿಗೆ ಗೇರ್ ಖಂಡಿತ ಬೇಕು. ಮೊಣಕಾಲು ನೋವಿದ್ದವರಿಗೂ ಅದು ದೊಡ್ಡ ಆಸರೆ.

ಇನ್ನು ಒಂದೇ ಗೇರಿನದೇ ಇನ್ನೊಂದು ಬಗೆ, ಫಿಕ್ಸೆಡ್ ಗೇರ್ ಸೈಕಲ್. ಇದು ನಮ್ಮ ಮಾಮೂಲಿ ಸೈಕಲ್ ಅಲ್ಲ. ಇದರಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಇಳಿಜಾರಿನಲ್ಲೂ ಕಾಲು ಸುಮ್ನೆ ಇಡುವ ಹಾಗಿಲ್ಲ. ರಿಪೇರಿ ಕಡಿಮೆ, ನಿಜ. ಆದರೆ ರಸ್ತೆಗೆ ತರುವುದಾದರೆ ದಯವಿಟ್ಟು ಎರಡೂ ಬ್ರೇಕ್ ಹಾಕಿಸಿ.