ಗಿಡಕ್ಕೆ ನೇರಳೆ ದೀಪವೇ ಬೇಕೆ?

ಮನೆಯ ಬಿಳಿ ಎಲ್‌ಇಡಿ ಬಲ್ಬಿನಿಂದ ಗಿಡಗಳಿಗೆ ಉಪಯೋಗವಿಲ್ಲ, ನೇರಳೆ ಗ್ರೋ ಲೈಟೇ (ಗಿಡ ಬೆಳೆಸಲೆಂದೇ ಮಾರುವ ದೀಪ) ಆಗಬೇಕು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದು ಸರಿಯಲ್ಲ.

ಎಲೆಗಳು ನೀಲಿ, ಕೆಂಪು ಬೆಳಕನ್ನು ಹೆಚ್ಚು ಹೀರುತ್ತವೆ ಎಂಬುದು ನಿಜ. ಗೊಂದಲ ಹುಟ್ಟುವುದೂ ಅಲ್ಲಿಂದಲೇ: ನೀಲಿ, ಕೆಂಪು ಬೆಳಕು ಸೇರಿದರೆ ನೇರಳೆಯಾಗಿ ಕಾಣುತ್ತದೆ. ಆದರೆ ದ್ಯುತಿಸಂಶ್ಲೇಷಣೆಗೆ 400ರಿಂದ 700 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಬೆಳಕೆಲ್ಲ ಒದಗುತ್ತದೆ, ಹಸಿರೂ ಸೇರಿ. ಸಾಮಾನ್ಯ ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ಚಿಪ್. ಅದರ ಮೇಲಿನ ಹಳದಿ ಲೇಪ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ಗಿಡಕ್ಕೆ ಬೇಕಾದ್ದೆಲ್ಲ ಅದರಲ್ಲೇ ಇದೆ.

ಎಡವುವುದು ಬಣ್ಣದಲ್ಲಲ್ಲ, ದೂರದಲ್ಲಿ. ಬಲ್ಬಿನಿಂದ ಗಿಡದ ದೂರ ಎರಡರಷ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಚಾವಣಿಯ ದೀಪ ಸಾಲದಿರುವುದು ಇದಕ್ಕೇ. 9 ವ್ಯಾಟಿನ ಬಲ್ಬನ್ನು ಟೇಬಲ್ ಲ್ಯಾಂಪಿಗೆ ಹಾಕಿ, ಎಲೆಗಳಿಂದ 20–30 ಸೆಂ.ಮೀ. ಮೇಲಿಟ್ಟು ದಿನಕ್ಕೆ 12 ಗಂಟೆ ಉರಿಸಿ, ರಾತ್ರಿ ಆರಿಸಿ. ಮನಿಪ್ಲಾಂಟ್‌ಗೆ ಇಷ್ಟು ಸಾಕು. ತುಳಸಿಗೆ ಸಾಲದು, ಅದಕ್ಕೆ ಬಿಸಿಲು ಬೀಳುವ ಕಿಟಕಿಯೇ ಒಳ್ಳೆಯದು.

ನೀವೇ ಪರೀಕ್ಷಿಸಬಹುದು. ಒಂದೇ ಮನಿಪ್ಲಾಂಟ್ ಬಳ್ಳಿಯ ಎರಡು ತುಂಡುಗಳನ್ನು ಒಂದೇ ಅಳತೆಯ ಕುಂಡಗಳಲ್ಲಿ ನೆಟ್ಟು, ಒಂದಕ್ಕೆ ಬಿಳಿ, ಇನ್ನೊಂದಕ್ಕೆ ನೇರಳೆ ದೀಪ ಕೊಡಿ. ದೀಪಗಳು ನಿಜವಾಗಿ ಎಳೆಯುವ ವ್ಯಾಟ್, ದೂರ, ಗಂಟೆ, ನೀರು ಎಲ್ಲ ಸಮನಾಗಿರಲಿ. ಪೆಟ್ಟಿಗೆಯ ಮೇಲಿನ “ಇಷ್ಟು ವ್ಯಾಟಿಗೆ ಸಮ” ಎಂಬುದು ಲೆಕ್ಕಕ್ಕಲ್ಲ. ಎರಡು ತಿಂಗಳಾದ ಮೇಲೆ ಗೆಣ್ಣುಗಳ ನಡುವಿನ ಅಂತರ ಅಳೆಯಿರಿ. ಕಾಂಡ ಸಪೂರವಾಗಿ ಉದ್ದಕ್ಕೆ ಎಳೆದುಕೊಂಡಿದ್ದರೆ ಬೆಳಕು ಕಡಿಮೆಯಾಗಿದೆ ಎಂದರ್ಥ: ದೀಪವನ್ನು ಹತ್ತಿರ ತನ್ನಿ, ನೀರು ಹೆಚ್ಚಿಸಬೇಡಿ. ಮಂದ ಬೆಳಕಲ್ಲಿ ಮಣ್ಣು ಬೇಗ ಆರದೆ ಬೇರು ಕೊಳೆಯುತ್ತದೆ.